ಎರಡನೇ ಭಾಗ ಬರೆಯುವ ಮುನ್ನ ನಾಯಕನ ಗಲ್ಲಾಪೆಟ್ಟಿಗೆ ತೆರೆಯಿರಿ

ಮೊದಲ ಭಾಗ ಮುಗಿದ ದಿನಕ್ಕೂ ಎರಡನೆಯದು ಶುರುವಾಗುವ ದಿನಕ್ಕೂ ನಡುವೆ ನಿಮ್ಮ ನಾಯಕನ ಬಾಡಿಗೆ ಯಾರು ಕಟ್ಟಿದರು? ಸೀಕ್ವೆಲ್ ಬರೆಯಲು ಕೂತವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಮುಂಬಯಿಯ ಕನ್ನಡಿಗರ ಬದುಕಿನಲ್ಲಿ ಮೊದಲ ಭಾಗಕ್ಕೆ ಬೇಕಾದದ್ದು ಧಾರಾಳವಾಗಿ ಸಿಗುತ್ತದೆ: ಊರು ಬಿಟ್ಟ ಹುಡುಗ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮೋರಿ, ರಾತ್ರಿ ಶಾಲೆ, ಮೊದಲ ಸಂಬಳ. ಎರಡನೇ ಭಾಗಕ್ಕೆ ಬಂದಾಗ ಹೆಚ್ಚಿನವರು ಹಳೆಯ ಗೆಳೆಯರನ್ನು ಒಂದು ಮೇಜಿಗೆ ಕೂರಿಸಿ, ಹಳೆಯ ಹಾಡು ಹಾಕಿ, ಕಣ್ಣು ಒದ್ದೆ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ಅಂಥ ಚಿತ್ರ ಅರ್ಧ ಗಂಟೆಗೇ ಕುಸಿಯುತ್ತದೆ. ನಡುವಿನ ವರ್ಷಗಳಲ್ಲಿ ಆ ಮನುಷ್ಯ ದುಡಿದದ್ದು, ಕಳೆದುಕೊಂಡದ್ದು, ಸಾಲ ಮಾಡಿದ್ದು ಯಾವುದೂ ಅಲ್ಲಿ ಇರುವುದಿಲ್ಲ.

ಇಲ್ಲಿ ಒಂದೇ ಕಥೆಯನ್ನು ಉದಾಹರಣೆಯಾಗಿ ಹಿಡಿದು ಹೋಗೋಣ. ಮೊದಲ ಭಾಗ 1994ರದ್ದು. ಕುಂದಾಪುರದ ಕಡೆಯ ಹದಿನೇಳರ ಹುಡುಗ ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿಗೆ ಕ್ಲೀನರ್ ಆಗಿ ಸೇರುತ್ತಾನೆ, ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಪಾಸಾಗುತ್ತಾನೆ, ಸಪ್ಲೈಯರ್ ಆಗುವಲ್ಲಿಗೆ ಚಿತ್ರ ಮುಗಿಯುತ್ತದೆ. ಎರಡನೇ ಭಾಗ 2023ರದ್ದು. ಅವನಿಗೆ ನಲವತ್ತಾರು. ಮಾರ್ಚ್ ಕೊನೆಗೆ ಹೋಟೆಲು ಮುಚ್ಚಿದೆ.

ವರ್ಷಕ್ಕೊಂದು ಸಾಲು

ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಳ್ಳಿ. ಕಂಪ್ಯೂಟರ್ ಬೇಡ, ಕೈಯಲ್ಲೇ ಬರೆಯಿರಿ. 1994ರಿಂದ 2023ರವರೆಗೆ ಮೂವತ್ತು ಸಾಲು. ಸಾಲಿಗೆ ಐದು ಕಲಮು: ವಯಸ್ಸು, ಕೆಲಸ, ರಾತ್ರಿ ಮಲಗುವ ಜಾಗ, ತಿಂಗಳ ಕೊನೆಗೆ ಕೈಯಲ್ಲಿ ಉಳಿದದ್ದು, ಯಾರಿಗೆ ಎಷ್ಟು ಬಾಕಿ. ಒಂದು ಸಾಲೂ ಖಾಲಿ ಬಿಡಬಾರದು. ಇದಕ್ಕೆ ಒಂದು ವಾರ ಬೇಕು. ಅಷ್ಟರವರೆಗೆ ಒಂದೇ ಒಂದು ಸಂಭಾಷಣೆಯನ್ನೂ ಬರೆಯಬೇಡಿ.

ಮೂರನೇ ಕಲಮನ್ನು ಹಗುರವಾಗಿ ನೋಡಬೇಡಿ. ಹೋಟೆಲ್ ಹುಡುಗ ಮೊದಲು ಮಲಗುವುದು ಶಟರ್ ಎಳೆದ ಮೇಲೆ ಜೋಡಿಸಿದ ಮೇಜುಗಳ ಮೇಲೆ. ಆಮೇಲೆ ಉಗ್ರಾಣದ ಮೇಲಿನ ಮಾಳ. ಆಮೇಲೆ ಎಂಟು ಹತ್ತು ಜನ ಸೇರಿ ಹಿಡಿದ ಚಾಳಿನ ಖೋಲಿ, ಅಲ್ಲಿ ಒಬ್ಬರ ಪಾಳಿ ಮುಗಿದ ಮೇಲೆ ಅದೇ ಚಾಪೆ ಇನ್ನೊಬ್ಬರಿಗೆ. ಮದುವೆಯಾದ ಮೇಲೆ ದೂರದ ಉಪನಗರ ನಾಲಾಸೋಪಾರಾದಲ್ಲೋ ಡೊಂಬಿವಲಿಯಲ್ಲೋ ಒಂದು ಕೋಣೆ, ಒಂದು ಅಡುಗೆಮನೆ. ಪ್ರತಿ ಸಲ ಜಾಗ ಬದಲಾದಾಗ ಡಿಪಾಸಿಟ್ ಎಲ್ಲಿಂದ ಬಂತು ಎಂದು ಐದನೇ ಕಲಮು ಹೇಳಬೇಕು. ಮೇಜಿನ ಮೇಲೆ ಮಲಗಿದವನಿಗೆ ರೈಲಿನ ಚಿಂತೆ ಇರಲಿಲ್ಲ. ನಾಲಾಸೋಪಾರಾದವನಿಗೆ ರಾತ್ರಿ ಕೊನೆಯ ಲೋಕಲ್ ತಪ್ಪಿದರೆ ಚರ್ಚ್‌ಗೇಟಿನ ಪ್ಲಾಟ್‌ಫಾರ್ಮೇ ಹಾಸಿಗೆ. ಮನೆ ದೊಡ್ಡದಾಯಿತು, ನಿದ್ದೆ ಎರಡು ಗಂಟೆ ಕಡಿಮೆಯಾಯಿತು. ಇಂಥ ಲಾಭ ನಷ್ಟ ಪುಸ್ತಕದಲ್ಲಿ ಎದುರೆದುರು ಬಂದಾಗ ಪಾತ್ರ ಉಸಿರಾಡತೊಡಗುತ್ತದೆ.

ಈಗ ಊರಿನ, ನಗರದ ದೊಡ್ಡ ಘಟನೆಗಳನ್ನು ಅಂಚಿನಲ್ಲಿ ಗುರುತು ಹಾಕಿ. ಅವನ ಜೇಬಿಗೆ ತಾಗಿದ್ದನ್ನು ಮಾತ್ರ. 1998ರ ಜನವರಿ 26ಕ್ಕೆ ಕೊಂಕಣ ರೈಲ್ವೆಯ ಇಡೀ ಮಾರ್ಗ ತೆರೆಯಿತು. ಅದಕ್ಕೆ ಮುಂಚೆ ಊರಿಗೆ ಹೋಗಬೇಕೆಂದರೆ ಬಸ್ಸಿನಲ್ಲಿ ಹೋಗಲಿಕ್ಕೇ ಒಂದು ಹಗಲು ರಾತ್ರಿ, ಬರಲಿಕ್ಕೆ ಇನ್ನೊಂದು, ಆದ್ದರಿಂದ ವಾರದ ರಜೆಗೆ ಊರೆಂಬುದೇ ಇರಲಿಲ್ಲ. ಮತ್ಸ್ಯಗಂಧ ರೈಲು ಬಂದ ಮೇಲೆ ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದವನು ಬೆಳಗಿನ ಜಾವ ಊರಲ್ಲಿ. ಮೊದಲ ಭಾಗದ ಹುಡುಗನಿಗೆ ಊರು ದೂರವಾಗಿದ್ದದ್ದು ದಾರಿಯಿಂದ, ಎರಡನೇ ಭಾಗದವನಿಗೆ ರಜೆ ಹಾಕಿದರೆ ಕಡಿತವಾಗುವ ಸಂಬಳದಿಂದ. ಈ ಎರಡು ಹಂಬಲಗಳಿಗೆ ಒಂದೇ ಹಿನ್ನೆಲೆ ಸಂಗೀತ ಹಾಕಬೇಡಿ.

2005ರ ಜುಲೈ 26ರ ಮಳೆಯನ್ನು ಎಲ್ಲರೂ ಚಿತ್ರಿಸಬಯಸುತ್ತಾರೆ. ಒಂದೇ ದಿನದಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಸುರಿದ ಮಳೆ ನೋಡಲು ಭಯಂಕರವೇ. ಆದರೆ ಅದರಿಂದ ಅವನ ಐದು ಕಲಮಿನಲ್ಲಿ ಯಾವುದೂ ಬದಲಾಗದಿದ್ದರೆ ಬಿಟ್ಟುಬಿಡಿ. 2016ರ ನವೆಂಬರ್ 8ನ್ನು ಬಿಡಬೇಡಿ. ನಗದಾಗಿ ಸಂಬಳ ಪಡೆದು ನಗದಾಗೇ ಕೂಡಿಟ್ಟವನ 500, 1,000ದ ನೋಟುಗಳು ಆ ರಾತ್ರಿ ಏನಾದವು ಎಂಬುದು ಒಂದು ಪೂರ್ತಿ ದೃಶ್ಯ. 2020ಕ್ಕೆ ಎರಡು ತಾರೀಖು ಸಾಕು: ಮಾರ್ಚ್ 25ಕ್ಕೆ ಲಾಕ್‌ಡೌನ್, ಅಕ್ಟೋಬರ್ 5ಕ್ಕೆ ಮಹಾರಾಷ್ಟ್ರದ ಹೋಟೆಲುಗಳಲ್ಲಿ ಅರ್ಧ ಕುರ್ಚಿಗಳಿಗೆ ಮಾತ್ರ ಕೂತು ತಿನ್ನುವ ಅನುಮತಿ. ನಡುವಿನ ಆರು ತಿಂಗಳಿಗೆ ಪುಸ್ತಕದಲ್ಲಿ ತಿಂಗಳಿಗೊಂದು ಸಾಲು ಬರೆಯಿರಿ.

ಆ ಆರು ತಿಂಗಳಲ್ಲಿ ಭಿಶಿಯನ್ನು, ಅಂದರೆ ಗೆಳೆಯರು ತಮ್ಮತಮ್ಮಲ್ಲೇ ನಡೆಸುವ ಚೀಟಿಯನ್ನು, ಮರೆಯುವವರೇ ಹೆಚ್ಚು. ಹನ್ನೆರಡು ಜನ, ತಲೆಗೆ ತಿಂಗಳಿಗೆ 2,000, ತಿಂಗಳಿಗೊಬ್ಬರು 24,000 ಎತ್ತುವ ಭಿಶಿ 2019ರ ನವೆಂಬರಿನಲ್ಲಿ ಶುರುವಾಯಿತೆಂದುಕೊಳ್ಳಿ. ಮಾರ್ಚಿಗೆ ಐದು ಕಂತು ಮುಗಿದಿವೆ, ಐವರು ಎತ್ತಿಯಾಗಿದೆ. ಉಳಿದ ಏಳು ಜನರ ತಲಾ 10,000 ಸಿಕ್ಕಿಬಿದ್ದಿದೆ, ಎತ್ತಿದವರು ಊರಿಗೆ ಹೋಗಿದ್ದಾರೆ. ನಿಮ್ಮ ನಾಯಕ ಐವರಲ್ಲೊಬ್ಬನೋ ಏಳರಲ್ಲೊಬ್ಬನೋ? ಮೂರು ವರ್ಷದ ಮೇಲೆ ಗೆಳೆಯರು ಸೇರಿದಾಗ ಯಾರು ಯಾರ ಕಣ್ಣು ತಪ್ಪಿಸುತ್ತಾರೆಂಬುದು ಇಲ್ಲಿ ತೀರ್ಮಾನವಾಗುತ್ತದೆ.

ಹೋಟೆಲು ಮುಚ್ಚಿದ್ದು ಹೇಗೆ?

‘ಕಾಲ ಬದಲಾಯಿತು, ಹೋಟೆಲು ಮುಚ್ಚಿತು’ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ಕಾಲ ಶಟರ್ ಎಳೆಯುವುದಿಲ್ಲ, ಯಾರೋ ಎಳೆಯುತ್ತಾರೆ. ಹಳೆಯ ಕಟ್ಟಡ ಪಗಡಿಯದ್ದೋ (ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಕಡಿಮೆ ಬಾಡಿಗೆಗೆ ಇರುವ ಹಳೆಯ ಪದ್ಧತಿ), ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತೋ, ಧನಿಯ ಮಕ್ಕಳು ಗಲ್ಲಾದಲ್ಲಿ ಕೂರಲು ಒಪ್ಪಲಿಲ್ಲವೋ, ಬಿಲ್ಡರ್ ಕೊಟ್ಟ ಹಣ ಯಾರಿಗೆ ಹೋಯಿತೋ ಗೊತ್ತು ಮಾಡಿಕೊಳ್ಳಿ. ಧನಿಯನ್ನು ಖಳನಾಯಕ ಮಾಡಲು ಅವಸರ ಬೇಡ. ಅವರೂ ಒಂದು ಕಾಲಕ್ಕೆ ಅದೇ ಮೋರಿಯಲ್ಲಿ ಪಾತ್ರೆ ತಿಕ್ಕಿದವರಿರಬಹುದು. ಲೈಸೆನ್ಸು, ಗ್ಯಾಸು, ತರಕಾರಿ, ಆ್ಯಪಿನ ಕಮಿಷನ್ನು ಕಳೆದು ಅವರಿಗೆಷ್ಟು ಉಳಿಯುತ್ತಿತ್ತು ಎಂಬುದಕ್ಕೂ ಅದೇ ಪುಸ್ತಕದಲ್ಲಿ ಒಂದು ಹಾಳೆ ಕೊಡಿ.

ಕಥೆಯ ಬೆನ್ನೆಲುಬು ಸಿಗುವುದು ನೌಕರನ ಕೊನೆಯ ಲೆಕ್ಕದಲ್ಲಿ. ಗ್ರ್ಯಾಚುಟಿ ಎಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ತಕ್ಕಂತೆ ಸಿಗುವ ಇಡುಗಂಟು. ಕಥೆಯ ಕಾಲಕ್ಕೆ 1972ರ ಗ್ರ್ಯಾಚುಟಿ ಕಾಯ್ದೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿಗೆ ಅನ್ವಯಿಸುತ್ತಿತ್ತು. ಐದು ವರ್ಷ ಬಿಡದೆ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಟಿಪ್ಸು ಇದರಲ್ಲಿ ಸೇರುವುದಿಲ್ಲ. ಅವನ ಮನೆ ನಡೆದದ್ದೇ ಟಿಪ್ಸಿನಲ್ಲಿ ಎಂಬುದನ್ನು ಪ್ರೇಕ್ಷಕರಿಗೆ ಈ ಮೊದಲೇ ಒಂದು ದೃಶ್ಯದಲ್ಲಿ ತೋರಿಸಿರಬೇಕು.

ನಮ್ಮ ನಾಯಕನ ಕೊನೆಯ ಸಂಬಳ 14,000 ಎಂದಿಟ್ಟುಕೊಳ್ಳಿ. ಇಪ್ಪತ್ತೊಂಬತ್ತು ವರ್ಷಕ್ಕೆ 2,34,231 ರೂಪಾಯಿ ಆಗಬೇಕು. ಧನಿ ಕೊಡಲು ಒಪ್ಪಿದ್ದು 1,77,692. ಯಾಕೆ? ಹಾಜರಿ ಪುಸ್ತಕದಲ್ಲಿ ಅವನ ಹೆಸರು ಬಂದದ್ದೇ 2001ರಲ್ಲಿ. ಅಲ್ಲಿಯವರೆಗೆ ಪುಸ್ತಕದಲ್ಲಿ ಒಂಬತ್ತೇ ಹೆಸರು, ಒಳಗೆ ದುಡಿಯುತ್ತಿದ್ದವರು ಹದಿನೈದು. ಒಂಬತ್ತು ಹೆಸರಿದ್ದರೆ ಗ್ರ್ಯಾಚುಟಿಯೂ ಇಲ್ಲ, ಇಪ್ಪತ್ತು ಜನರಿಗೆ ಶುರುವಾಗುವ ಪಿಎಫ್ಫೂ ಇಲ್ಲ. ವ್ಯತ್ಯಾಸ 56,539 ರೂಪಾಯಿ, ಏಳು ವರ್ಷ. ಆ ಪುಸ್ತಕ ಬರೆಯುತ್ತಿದ್ದವನು ಯಾರು? ಮೊದಲ ಭಾಗದಲ್ಲಿ ಜ್ವರ ಬಂದಾಗ ಗಂಜಿ ಕೊಟ್ಟ, ರಾತ್ರಿ ಶಾಲೆಯ ಫೀಸು ತುಂಬಿದ ಗಲ್ಲಾದ ಗೆಳೆಯ.

ಎರಡನೇ ಭಾಗದ ಜಗಳ ಇದೇ. ಗಂಜಿ ಕೊಟ್ಟದ್ದೂ ಸುಳ್ಳಲ್ಲ, ಹೆಸರು ಬಿಟ್ಟದ್ದೂ ಸುಳ್ಳಲ್ಲ. ಗೆಳೆಯನನ್ನು ಕೊನೆಗೆ ದ್ರೋಹಿಯಾಗಿಸಿದರೆ ಕಥೆ ಚಿಕ್ಕದಾಗುತ್ತದೆ, ಅಪ್ಪಿಕೊಂಡು ಎಲ್ಲ ಮರೆತರೆ ಸುಳ್ಳಾಗುತ್ತದೆ. ಅವರಿಬ್ಬರೂ ಮಾತಾಡುವ ದೃಶ್ಯದಲ್ಲಿ 56,539 ಎಂಬ ಸಂಖ್ಯೆಯನ್ನು ಒಬ್ಬನಾದರೂ ಬಾಯಿಬಿಟ್ಟು ಹೇಳಲೇಬೇಕು.

ಗಡುವೂ ಇಲ್ಲೇ ಸಿಗುತ್ತದೆ. ಹಣ ಬಾಕಿಯಾದ ಮೂವತ್ತು ದಿನದೊಳಗೆ ಮಾಲೀಕ ಕೊಡಬೇಕು. ಕೊಡದಿದ್ದರೆ, ಕಡಿಮೆ ಕೊಟ್ಟರೆ, ತೊಂಬತ್ತು ದಿನದೊಳಗೆ ಆ ಕಾಯ್ದೆಯ ನಿಯಂತ್ರಣ ಪ್ರಾಧಿಕಾರಕ್ಕೆ ‘ಎನ್’ ನಮೂನೆಯ ಅರ್ಜಿ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅವಕಾಶವಿದೆ, ಆದರೆ ಚಿತ್ರಕಥೆಗೆ ತೊಂಬತ್ತು ದಿನವೇ ಒಳ್ಳೆಯ ಅಳತೆ: ಏಪ್ರಿಲಿನ ಸೆಖೆಯಲ್ಲಿ ಶುರು, ಜುಲೈನ ಮಳೆಯಲ್ಲಿ ಮುಕ್ತಾಯ. ನಿಮ್ಮ ಕಥೆ 2025ರ ನವೆಂಬರ್ 21ರ ಆಚೆಗಿದ್ದರೆ ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಅಂದಿನಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ, ವೇತನದ ವ್ಯಾಖ್ಯೆ ಬದಲಾಗಿದೆ.

ಹಳೆಯ ವಸ್ತುವಿಗೆ ಕೆಲಸ ಕೊಡಿ

ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ದುಡಿದದ್ದನ್ನು ತೋರಿಸಿಕೊಟ್ಟರೆ ಹಕ್ಕು ಕೇಳಬಹುದು. ತೋರಿಸುವುದು ಹೇಗೆ? ಹಳೆಯ ಟ್ರಂಕು ತೆರೆಯಬೇಕಾದದ್ದು ಈ ಪ್ರಶ್ನೆ ಎದುರಾದ ಮೇಲೆ, ಅದಕ್ಕೂ ಮುಂಚೆ ಅಲ್ಲ.

ಊರಲ್ಲಿ ತಾಯಿಯ ಟ್ರಂಕಿನಲ್ಲಿ ಮನಿಯಾರ್ಡರಿನ ಕೂಪನ್ನುಗಳು ಸುತಳಿ ದಾರದಲ್ಲಿ ಕಟ್ಟಿಕೊಂಡು ಬಿದ್ದಿವೆ. ಕೂಪನ್ನೆಂದರೆ ಫಾರಮ್ಮಿನ ಕೆಳಗಿನ ತುಂಡು, ಹಣ ಪಡೆದವರ ಹತ್ತಿರ ಉಳಿಯುವಂಥದ್ದು. ಕಳಿಸಿದವನ ಹೆಸರು, ವಿಳಾಸ, ಮೊತ್ತ, ನಾಲ್ಕು ಸಾಲು ಬರೆಯುವಷ್ಟು ಜಾಗ. 300 ರೂಪಾಯಿ ಕಳಿಸಲು 15 ರೂಪಾಯಿ ಕಮಿಷನ್, ಇಪ್ಪತ್ತಕ್ಕೊಂದರಂತೆ. ‘ಅಮ್ಮನಿಗೆ ನಮಸ್ಕಾರ, ನಾನು ಸೌಖ್ಯ, ದನದ ಹಿಂಡಿಗೆ ಇದರಲ್ಲೇ ತೆಗೆದುಕೊಳ್ಳುವುದು.’ ಕಳಿಸಿದವನ ವಿಳಾಸದ ಜಾಗದಲ್ಲಿ ತಿಂಗಳು ತಿಂಗಳೂ ಅದೇ ಹೋಟೆಲಿನ ಹೆಸರು. ಮೊದಲ ಭಾಗದಲ್ಲಿ ಆ ಕೂಪನ್ನು ಪ್ರೀತಿಯ ಗುರುತಾಗಿತ್ತು, ಈಗ ಸಾಕ್ಷಿ. ರಾತ್ರಿ ಶಾಲೆಯ ಪ್ರವೇಶ ಪುಸ್ತಕದಲ್ಲಿ ವಿಳಾಸದ ಕಲಮಿನಲ್ಲೂ ಅದೇ ಹೋಟೆಲು ಇದ್ದರೆ ಇನ್ನೊಂದು ಸಾಕ್ಷಿ.

ಚಿತ್ರೀಕರಿಸುವಾಗ ಕ್ಯಾಮೆರಾ ಕೂಪನ್ನಿನ ಅಕ್ಷರಗಳ ಮೇಲೆ ಮೆಲ್ಲಗೆ ಜಾರಬೇಕಾಗಿಲ್ಲ. ನಲವತ್ತಾರರ ಮನುಷ್ಯ ಕನ್ನಡಕ ಏರಿಸಿ, ತಾರೀಖಿನ ಪ್ರಕಾರ ಅವುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಾನೆ. ಎರಡು ಕಡೆ ಜಾಗ ಖಾಲಿ ಉಳಿಯುತ್ತದೆ, ಆ ತಿಂಗಳು ಹಣ ಕಳಿಸಿರಲಿಲ್ಲ. ಯಾಕೆ ಕಳಿಸಿರಲಿಲ್ಲವೆಂದು ಅವನಿಗೆ ನೆನಪಿದೆ. ಆ ಎರಡು ಖಾಲಿ ಜಾಗಗಳ ಮೇಲೆ ಅವನ ಕಣ್ಣು ನಿಲ್ಲುವಷ್ಟು ಹೊತ್ತು ಸಾಕು.

ನಿಮ್ಮ ಕಥೆಯ ಪ್ರತಿ ಹಳೆಯ ವಸ್ತುವನ್ನೂ ಹೀಗೇ ಪರೀಕ್ಷಿಸಿ. ಸ್ಟೀಲ್ ಲೋಟ, ಕಪ್ಪು ಬಿಳುಪು ಫೋಟೋ, ಶಾಲೆಯ ಬ್ಯಾಗು, ಏನೇ ಇರಲಿ, ಇಂದಿನ ಕಥೆಯಲ್ಲಿ ಅದಕ್ಕೆ ಮಾಡಲು ಕೆಲಸವಿದೆಯೇ? ಇಲ್ಲದಿದ್ದರೆ ತೆಗೆದುಹಾಕಿ. 110 ಪುಟದ ಚಿತ್ರಕಥೆಯಲ್ಲಿ ಬರಿಯ ನೆನಪಿಗೆ ಹತ್ತು ಪುಟ ಮೀರಬಾರದು. ಪುಟಕ್ಕೊಂದು ನಿಮಿಷದ ಲೆಕ್ಕ ಹಿಡಿದರೆ ಅದೇ ಹತ್ತು ನಿಮಿಷ, ಪ್ರೇಕ್ಷಕರ ತಾಳ್ಮೆ ಅಷ್ಟೇ.

ಒಂದು ಗಂಟೆಯ ಬೆಲೆ

ಈ ಕೆಲಸ ಚೆನ್ನಾಗಿ ಆದ ಒಂದು ಸೀಕ್ವೆಲ್ ನೋಡಬೇಕೆಂದರೆ 2017ರ ‘ಟಿ2 ಟ್ರೇನ್‌ಸ್ಪಾಟಿಂಗ್’ ನೋಡಿ. ಮೊದಲ ಚಿತ್ರ 1996ರದ್ದು, ಎಡಿನ್‌ಬರೋದ ಹುಡುಗರ ಕಥೆ. ಇಪ್ಪತ್ತು ವರ್ಷದ ಮೇಲೆ ಅವರಲ್ಲೊಬ್ಬ ಗಿರಾಕಿಗಳಿಲ್ಲದ ಪಬ್ ನಡೆಸುತ್ತಿದ್ದಾನೆ. ಆಮ್‌ಸ್ಟರ್‌ಡ್ಯಾಮಿನಿಂದ ಮರಳಿದ ಇನ್ನೊಬ್ಬನ ಕೆಲಸವೂ ಭದ್ರವಾಗಿಲ್ಲ. ಗಮನಿಸಬೇಕಾದದ್ದು ಅವರಲ್ಲೇ ಮತ್ತೊಬ್ಬನಾದ ಸ್ಪಡ್‌ನ ಭಾಗ. ಬ್ರಿಟನ್ನಿನಲ್ಲಿ ಮಾರ್ಚಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಅವನಿಗೆ ಅದು ತಿಳಿಯಲಿಲ್ಲ. ಕೆಲಸಕ್ಕೆ ಒಂದು ಗಂಟೆ ತಡ, ಭತ್ಯೆಯ ಕಚೇರಿಗೆ ಒಂದು ಗಂಟೆ ತಡ, ಮಗನನ್ನು ನೋಡುವ ಹೊತ್ತಿಗೂ ತಡ. ಬದುಕು ಕುಸಿಯಲು ಅಷ್ಟೇ ಸಾಕಾಯಿತು. ‘ಬಡತನ’ ಎಂಬ ಮಾತನ್ನು ಯಾರೂ ಆಡಬೇಕಾಗಲಿಲ್ಲ.

ಆ ಗಡಿಯಾರವನ್ನು ನಕಲು ಮಾಡಲು ಬರುವುದಿಲ್ಲ, ಇಲ್ಲಿ ಗಡಿಯಾರ ತಿರುಗಿಸುವುದಿಲ್ಲ. ನಮ್ಮಲ್ಲಿ ಮೆಗಾಬ್ಲಾಕ್ ಇದೆ. ಭಾನುವಾರ ಹಗಲು ಹಳಿ ರಿಪೇರಿಗೆಂದು ಲೋಕಲುಗಳನ್ನು ಕಡಿತಗೊಳಿಸುವುದಕ್ಕೆ ಮಧ್ಯ ರೈಲ್ವೆಯಲ್ಲಿ ಮೆಗಾಬ್ಲಾಕ್ ಎಂದು ಹೆಸರು, ಪಶ್ಚಿಮ ರೈಲ್ವೆಯಲ್ಲಿ ಜಂಬೋಬ್ಲಾಕ್ ಎಂದು. ಕಚೇರಿಯವರಿಗೆ ಅಂದು ರಜೆ, ಹೋಟೆಲಿನವರಿಗೆ ಅಂದೇ ಹೆಚ್ಚು ಗಿರಾಕಿ. ಹೊಸ ಹೋಟೆಲಿನಲ್ಲಿ ಬದಲಿ ಕ್ಯಾಪ್ಟನ್ (ಸಪ್ಲೈಯರುಗಳ ಮೇಲಿನವ) ಆಗಿ ಸೇರಿದ ಮೊದಲ ಭಾನುವಾರವೇ ಲೋಕಲು ಸಿಗದೆ ಅವನು ಎರಡು ಗಂಟೆ ತಡವಾಗಿ ತಲುಪಿದರೆ? ಇಪ್ಪತ್ತೊಂಬತ್ತು ವರ್ಷ ಹೋಟೆಲಿನ ಹತ್ತಿರವೇ ಇದ್ದವನಿಗೆ ಭಾನುವಾರದ ವೇಳಾಪಟ್ಟಿ ನೋಡುವ ಅಭ್ಯಾಸವೇ ಇರದಿದ್ದರೆ? ಹೀಗೆ ಮಾಡುವುದಾದರೆ ಮೂರನೇ ಕಲಮಿಗೆ ಹಿಂತಿರುಗಿ, ಅವನನ್ನು ನಾಲಾಸೋಪಾರಾಕ್ಕೆ ಕಳಿಸಿದ ವರ್ಷವನ್ನು ತಿದ್ದಿಕೊಳ್ಳಿ.

ಕೈಗಳು ಮರೆಯುವುದಿಲ್ಲ

ಗೆಳೆಯರು ಸೇರುವ ದೃಶ್ಯ ಬೇಕೇ ಬೇಕು, ಅದಿಲ್ಲದ ಎರಡನೇ ಭಾಗ ಯಾರಿಗೂ ಬೇಡ. ಮಾತುಂಗಾದ ಯಾವುದೋ ಹೋಟೆಲಿನಲ್ಲಿ ಸೇರಿಸಿ, ಆದರೆ ನೆನಪುಗಳನ್ನು ಬಾಯಿಂದ ಹೇಳಿಸಬೇಡಿ. ಅವನ ಕೈ ನೋಡಿ. ತಿಂದಾದ ಕೂಡಲೇ ಅವನಿಗರಿವಿಲ್ಲದೆ ಚಿಕ್ಕ ತಟ್ಟೆಗಳು ದೊಡ್ಡ ತಟ್ಟೆಯ ಮೇಲೆ ಬರುತ್ತವೆ, ಚಮಚಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ, ನೀರಿನ ಲೋಟಗಳು ಮೇಜಿನ ಅಂಚಿಗೆ ಸರಿಯುತ್ತವೆ. ಎದುರಿನ ಹುಡುಗ ಮೇಜು ಒರೆಸಲು ಬಂದಾಗ ಬೆರಳುಗಳು ತಾವಾಗಿ ಮೇಲೇಳುತ್ತವೆ. ಬಿಲ್ಲು ಬರುವ ಮೊದಲೇ ಮೊತ್ತ ಅವನ ತಲೆಯಲ್ಲಿದೆ, ಹಳೆಯ ಸಪ್ಲೈಯರುಗಳು ಅದನ್ನು ಗಲ್ಲಾಕ್ಕೆ ಕೂಗಿ ಹೇಳುತ್ತಿದ್ದವರು. ಬಿಲ್ಲು ಸೋಂಪಿನ ತಟ್ಟೆಯಲ್ಲಿ ಬಂದು ಮೇಜಿನ ನಡುವೆ ಕೂರುತ್ತದೆ. ಯಾರು ಕೈ ಚಾಚಿದರು, ಯಾರು ಫೋನ್ ತೆಗೆದರು, ಯಾರು ಅದೇ ಹೊತ್ತಿಗೆ ಕೈತೊಳೆಯಲು ಎದ್ದರು? ಆ ಹತ್ತು ಸೆಕೆಂಡನ್ನು ಕತ್ತರಿಸದೆ ಇಡಿ.

ಭಾಷೆಯ ವಿಷಯದಲ್ಲೂ ಇದೇ ಎಚ್ಚರ. ಮೊದಲ ಭಾಗದಲ್ಲಿ ಅವನಿಗೆ ಕುಂದಾಪುರದ ಮಾತು ಒಂದೇ ಗೊತ್ತು. ಈಗ ಗೆಳೆಯನ ಹತ್ತಿರ ‘ಹ್ವಾಯ್’ ಎಂದು ಶುರುವಾದ ಮಾತು ಹಣದ ವಿಷಯ ಬಂದ ಕೂಡಲೇ ಹಿಂದಿಗೆ ತಿರುಗಬಹುದು. ಕಚೇರಿಯ ಗುಮಾಸ್ತನ ಹತ್ತಿರ ಮರಾಠಿ, ಅದೂ ಗಿರಾಕಿಯ ಜೊತೆಗಿನ ವಿನಯದ್ದು. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ. ಎಲ್ಲರ ಬಾಯಲ್ಲೂ ಪುಸ್ತಕದ ಕನ್ನಡ ತುರುಕಿದರೆ ಇಪ್ಪತ್ತೊಂಬತ್ತು ವರ್ಷ ಈ ನಗರದಲ್ಲಿ ಕಳೆದದ್ದೇ ಅಳಿಸಿಹೋಗುತ್ತದೆ.

ಹೋಟೆಲಿನ ಬಾಗಿಲಲ್ಲಿ ಪಾರ್ಸೆಲಿಗೆ ಕಾದು ನಿಂತ ಡೆಲಿವರಿ ಹುಡುಗನನ್ನೂ ಬಿಡಬೇಡಿ. ಅವನ ಹೆಸರು ಯಾವ ಹೋಟೆಲಿನ ಹಾಜರಿ ಪುಸ್ತಕದಲ್ಲೂ ಇಲ್ಲ. ನಾಯಕ ಅವನಿಗೆ ಉಪದೇಶ ಮಾಡುವುದು ಬೇಡ. ‘ಇವತ್ತು ಎಷ್ಟಾಯ್ತು?’ ಎಂದು ಕೇಳಲಿ, ಹುಡುಗ ಫೋನಿನ ಪರದೆ ತಿರುಗಿಸಿ ತೋರಿಸಲಿ.

ವಿಷಯ ಕೇಳಲು ಹೋಗುವವರಿಗೆ

ಆರರಿಂದ ಎಂಟು ಜನರನ್ನು ಮಾತಾಡಿಸಿ. ಅಡುಗೆ ಭಟ್ಟರು, ಮೋರಿಯವರು, ಸಪ್ಲೈಯರು, ಗಲ್ಲಾದವರು, ಧನಿ, ಎಲ್ಲ ಕಡೆಯಿಂದಲೂ ಒಬ್ಬೊಬ್ಬರು ಬೇಕು. ಹೊತ್ತು ಮಧ್ಯಾಹ್ನ ಮೂರೂವರೆ, ಊಟದ ಗದ್ದಲ ಇಳಿದು ಸಂಜೆಯ ತಿಂಡಿ ಶುರುವಾಗದ ಸಮಯ. ಒಂದು ಗಂಟೆಗೆ ಹೋಗಿ ನಿಂತರೆ ಅವರ ದುಡಿಮೆಗೆ ಅಡ್ಡಿ, ನಿಮಗೂ ಏನೂ ಸಿಗದು. ‘ಆ ಕಾಲ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ. ‘ಮೊದಲ ಸಂಬಳ ಯಾರ ಕೈಯಿಂದ ಬಂತು, ಎಲ್ಲಿ ಬಚ್ಚಿಟ್ಟಿರಿ?’ ಎಂದು ಕೇಳಿ. ‘ರಜೆ ಕೇಳಿ ಸಿಗದಿದ್ದದ್ದು ಯಾವಾಗ?’ ಎಂದು ಕೇಳಿ. ಧ್ವನಿಮುದ್ರಣಕ್ಕೆ ಮೊದಲು ಒಪ್ಪಿಗೆ ಪಡೆಯಿರಿ, ನಿಜವಾದ ಹೋಟೆಲಿನ ಹೆಸರನ್ನು ಚಿತ್ರದಲ್ಲಿ ಎತ್ತಬೇಡಿ. ತಿಂಡಿಯ ಹಳೆಯ ದರಗಳನ್ನು ಊಹಿಸಬೇಡಿ, ಹಳೆಯ ಫೋಟೋಗಳ ಹಿನ್ನೆಲೆಯಲ್ಲಿ ದರಪಟ್ಟಿಯ ಹಲಗೆ ಕಾಣಿಸುತ್ತದೆಯೇ ಎಂದು ನೋಡಿ.

ನಾಯಕ ಗಿರಣಿ ಕಾರ್ಮಿಕನ ಮಗನಾಗಿದ್ದರೆ ಲೆಕ್ಕವೇ ಬೇರೆ. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಮುಷ್ಕರ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು, ಮುಚ್ಚಿಹೋದ ಗಿರಣಿಗಳು, ಆ ಜಾಗದ ಮೇಲೆದ್ದ ಗೋಪುರಗಳು, ಸರ್ಕಾರಿ ವಸತಿ ಮಂಡಳಿ ಮ್ಹಾಡಾದ ಮನೆಗಳಿಗಾಗಿ ಲಾಟರಿ ಕಾಯುವ ವಾರಸುದಾರರು. ಅದಕ್ಕೆ ಬೇರೆಯೇ ಪುಸ್ತಕ ತೆರೆಯಿರಿ, ಹೋಟೆಲಿನ ಕಥೆಗೆ ಅದನ್ನು ಅಂಟಿಸಲು ಹೋಗಬೇಡಿ.

ಹಕ್ಕಿನ ಮಾತು ಚಿಕ್ಕದು, ಆದರೆ ಮೊದಲೇ ಮುಗಿಸಬೇಕಾದದ್ದು. ಮೊದಲ ಭಾಗದ ಕರಾರುಪತ್ರ ತೆಗೆದು ಸೀಕ್ವೆಲಿನ ಹಕ್ಕು ಯಾರಲ್ಲಿದೆ ಎಂದು ನೋಡಿ. ಕಥೆ ನಿಮ್ಮದೇ ಆಗಿದ್ದರೂ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟಿರಬಹುದು. ಹಳೆಯ ಚಿತ್ರದ ತುಣುಕು ಬಳಸಲು ಬೇರೆಯೇ ಲಿಖಿತ ಒಪ್ಪಿಗೆ ಬೇಕು. ಹೊಸ ಚಿತ್ರಕಥೆಯನ್ನು ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನಲ್ಲಿ ಸದಸ್ಯರಾಗಿ ನೋಂದಾಯಿಸಿ, ಆಮೇಲೆ ನಾಲ್ಕು ಜನಕ್ಕೆ ಓದಲು ಕೊಡಿ.

ಓದಲು ಕೊಡುವ ನಾಲ್ವರಲ್ಲಿ ಇಬ್ಬರಾದರೂ ಹೋಟೆಲಿನವರಿರಲಿ. ಮತ್ತೆ ಅದೇ ಮೂರೂವರೆಗೆ ಹೋಗಿ, ಕೆಂಪು ಪೆನ್ನು ಹಿಡಿದು, ಗಟ್ಟಿಯಾಗಿ ಓದಿ. ಅವರು ಕಣ್ಣೊರೆಸಿಕೊಂಡ ಜಾಗಕ್ಕಿಂತ ‘ಹಾಗಲ್ಲ, ಲೋಟ ಎತ್ತಿದ ಮೇಲೆ ಬಟ್ಟೆ ಹಾಕುವುದು, ಮೊದಲೇ ಅಲ್ಲ’ ಎಂದು ತಡೆದ ಜಾಗಕ್ಕೆ ಗುರುತು ಹಾಕಿಕೊಳ್ಳಿ.